ಕತ್ತರಿ ಯಾರ ಕೈಯಲ್ಲಿದೆ?

1969ರ ಜನವರಿಯಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ಎಂಬ ರಾಕ್ ತಂಡದ ನಾಲ್ವರು ಹೊಸ ಹಾಡುಗಳನ್ನು ಕಟ್ಟುತ್ತಿದ್ದುದನ್ನು ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಚಿತ್ರೀಕರಿಸಿದರು. ಸುಮಾರು 60 ಗಂಟೆಗಳ ದೃಶ್ಯ, 150 ಗಂಟೆಗಳ ಧ್ವನಿ ದಾಖಲಾಯಿತು. ಅದರಿಂದ 1970ರಲ್ಲಿ ಹೊರಬಂದದ್ದು ಸುಮಾರು 80 ನಿಮಿಷಗಳ 'ಲೆಟ್ ಇಟ್ ಬಿ' ಸಾಕ್ಷ್ಯಚಿತ್ರ. ತಂಡ ಆಗಷ್ಟೇ ಒಡೆದಿತ್ತು. ಜನರು ಅದರಲ್ಲಿ ಕಲಹವನ್ನೇ ಕಂಡರು. 2021ರಲ್ಲಿ ಪೀಟರ್ ಜ್ಯಾಕ್ಸನ್ ಅದೇ ಸುರುಳಿಗಳಿಂದ ಸುಮಾರು ಎಂಟು ಗಂಟೆಗಳ 'ಗೆಟ್ ಬ್ಯಾಕ್' ಸಿದ್ಧಪಡಿಸಿದರು. ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟು ಹೊರನಡೆದುದನ್ನು ಹಳೆಯ ಚಿತ್ರ ಮರೆಮಾಚಿತ್ತು, ಹೊಸದು ಮರೆಮಾಚಲಿಲ್ಲ. ಆದರೂ ನೋಡಿದವರ ನೆನಪಿನಲ್ಲಿ ಉಳಿದದ್ದು ಗೆಳೆಯರ ನಗು, ತಮಾಷೆ ಮತ್ತು ದುಡಿಮೆ. ಸುರುಳಿ ಒಂದೇ. ಬದಲಾದದ್ದು ಕತ್ತರಿ.

ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಈ ಬರಹದ ವಿಷಯವಲ್ಲ. ಇಲ್ಲಿ ನಮ್ಮನ್ನು ತಟ್ಟುವ ಸಂಗತಿ ಬೇರೆಯೇ ಇದೆ.

1968ರಲ್ಲಿ ಕೀನ್ಯಾದಿಂದ ಬರುತ್ತಿದ್ದ ಏಷ್ಯನ್ನರನ್ನು ತಡೆಯಲು ಬ್ರಿಟನ್ ಅವಸರದಲ್ಲಿ ಕಾನೂನು ಮಾಡಿತು. ಅದರ ಬೆನ್ನಿಗೇ, ಏಪ್ರಿಲ್ 20ರಂದು ಸಂಸದ ಇನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ವಿಷ ಕಾರಿದರು. 'ಗೆಟ್ ಬ್ಯಾಕ್' ಹಾಡಿನ ಮೊದಲ ಕರಡು ಈ ದ್ವೇಷದ ಅಣಕವಾಗಿತ್ತು. ಪಾಕಿಸ್ತಾನಿಗಳು ಇತರರ ಉದ್ಯೋಗ ಕಸಿಯುತ್ತಿದ್ದಾರೆಂದು ಗೊಣಗುವವರ ದನಿಯನ್ನೇ ಅನುಕರಿಸಿ ಅವರನ್ನು ಗೇಲಿ ಮಾಡಲಾಗಿತ್ತು. ಬಿಡುಗಡೆಯಾದ ಹಾಡಿನಲ್ಲಿ ಆ ಸಾಲುಗಳಿರಲಿಲ್ಲ. ಆದರೆ ಕರಡು ಕಳ್ಳಮುದ್ರಣಗಳಲ್ಲಿ ಹಬ್ಬಿತು, ಹಿನ್ನೆಲೆ ಹಬ್ಬಲಿಲ್ಲ. ದ್ವೇಷವನ್ನು ಅಣಕಿಸಿದವರ ಮೇಲೆಯೇ ಜನಾಂಗದ್ವೇಷದ ಆರೋಪ ಬಂತು! ಅದು ವರ್ಣಭೇದದ ವಿರುದ್ಧದ ಹಾಡಾಗಿತ್ತೆಂದು ಪಾಲ್ ಮೆಕಾರ್ಟ್ನಿ ವಿವರಿಸಬೇಕಾಯಿತು. ಜ್ಯಾಕ್ಸನ್‌ರ ಚಿತ್ರ ಆ ಹಿನ್ನೆಲೆಯನ್ನು ಜೊತೆಗಿಟ್ಟೇ ತೋರಿಸುತ್ತದೆ.

ಪಾಕಿಸ್ತಾನಿ ಎಂಬ ಪದ ಬೈಗುಳವಾಗುವುದು ಹೇಗೆಂದು ಈ ಪತ್ರಿಕೆಯ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಒಂದು ಗಂಟೆಯ ಭಾಷಣದಿಂದ ಕತ್ತರಿಸಿದ ಹತ್ತು ಸೆಕೆಂಡುಗಳು ಏನು ಮಾಡಬಲ್ಲವು ಎಂಬುದನ್ನೂ. ಆದರೆ ನಾವೇನು ಮಾಡುತ್ತಿದ್ದೇವೆ? ನಮಗೆ ಹಿಡಿಸದವರ ಹತ್ತು ಸೆಕೆಂಡುಗಳು ಕೈಗೆ ಸಿಕ್ಕಾಗ ಪೂರ್ಣ ಮಾತನ್ನು ಹುಡುಕುವವರು ನಮ್ಮಲ್ಲಿ ಎಷ್ಟು ಮಂದಿ? ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಸೂರಃ ಅಲ್ ಹುಜುರಾತ್‌ನ ಆದೇಶ ಮಸೀದಿಯ ಗೋಡೆಗಷ್ಟೇ ಸೀಮಿತವೇ?

2016ರಲ್ಲಿ ರಾನ್ ಹೋವರ್ಡ್ ನಿರ್ದೇಶಿಸಿದ 'ಎಯ್ಟ್ ಡೇಸ್ ಎ ವೀಕ್' ಎಂಬ ಇನ್ನೊಂದು ಚಿತ್ರವಿದೆ. 1964ರಲ್ಲಿ ಅಮೆರಿಕದ ಜಾಕ್ಸನ್‌ವಿಲ್‌ನಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವುದಾದರೆ ತಾವು ಹಾಡುವುದಿಲ್ಲ ಎಂದು ಈ ತಂಡ ಹೇಳಿತ್ತು. ಅಂದು ಬಾಲಕಿಯಾಗಿ ಆ ಸಭೆಯಲ್ಲಿ ಕುಳಿತಿದ್ದ ಕರಿಯ ಇತಿಹಾಸಕಾರ್ತಿ ಕಿಟ್ಟಿ ಆಲಿವರ್ ಅದನ್ನು ಸ್ವತಃ ನೆನಪಿಸಿಕೊಳ್ಳುತ್ತಾರೆ. ಸಾಕ್ಷಿ ಬದುಕಿರುವಾಗಲೇ ಕ್ಯಾಮರಾ ಹೋಗಿ ಕೇಳಿತು. ನಮ್ಮ ಊರುಗಳಲ್ಲಿ ಗಲಭೆಯನ್ನು ಕಂಡವರು, ನೆರೆಮನೆಯ ಹಿಂದೂ ಕುಟುಂಬದ ಆಸರೆಯಲ್ಲಿ ರಾತ್ರಿ ಕಳೆದವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಮದುವೆಯ ವೀಡಿಯೋಗೆ ಸಾವಿರಾರು ರೂಪಾಯಿ ಸುರಿಯುವ ನಮ್ಮ ಮನೆಗಳಲ್ಲಿ ಆ ಹಿರಿಯರ ಒಂದು ಗಂಟೆಯ ಮಾತನ್ನು ಮುದ್ರಿಸಿಟ್ಟವರು ವಿರಳ.