ಹಿಂದಿರುಗದ ಗಳಿಗೆ



ದಸರೆಯ ರಜೆಯಲ್ಲಿ ಮೊಮ್ಮಗನು ಕಂಪ್ಯೂಟರಿನ ಮುಂದೆ ನಮ್ಮನ್ನೂ ಕೂರಿಸಿಕೊಂಡು 'ಫೋರ್ಜಾ ಹೊರೈಜನ್ 5' ಎಂಬ ಕಾರಿನ ಆಟವನ್ನು ಕಲಿಸಿದನು. 2021ರಲ್ಲಿ ಬಂದ ಈ ಆಟಕ್ಕೆ ಮೆಕ್ಸಿಕೋ ದೇಶವೇ ಅಂಗಳ. ಮರುಭೂಮಿ, ಕಾಡು, ಜ್ವಾಲಾಮುಖಿ, ಎತ್ತ ಬೇಕಾದರೂ ಓಡಬಹುದು. ಬೇಲಿ ನುಚ್ಚಾದರೂ ಕಾರು ನಿಲ್ಲದು. ಗೋಡೆಗೆ ಬಡಿದರೆ ಒಂದು ಗುಂಡಿ ಒತ್ತಿದರಾಯಿತು. ಕಾಲವೇ ಕೆಲವು ಕ್ಷಣ ಹಿಂದೆ ಸರಿದು, ತಪ್ಪು ಅಳಿದುಹೋಗುತ್ತದೆ. ನಾವೂ ಮಕ್ಕಳಂತೆ ನಕ್ಕೆವು.

ಮರುದಿನ ಅದೇ ಬಾಲಕನು ಸ್ಕೂಟರಿನ ಕೀಲಿಕೈ ಬೇಡಿದನು. ಅವನಿಗಿನ್ನೂ 15 ವರ್ಷ. "ಅಂಗಡಿಯವರೆಗೆ ಮಾತ್ರ" ಎಂದನು. ಕೊಡಲು ಚಾಚಿದ ನಮ್ಮ ಕೈ ಅಲ್ಲಿಯೇ ತಡೆಯಿತು. ಬೀದಿಯಲ್ಲಿ ಆ ಗುಂಡಿಯಿಲ್ಲ.

2019ರ ಕಾನೂನು ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡವುಂಟು. ಆದರೆ ದಂಡದ ಭಯಕ್ಕಿಂತ ದಾರಿಹೋಕರ ಜೀವದ ಮೇಲಿನ ಕರುಣೆಯೇ ನಮ್ಮ ಕೈಯನ್ನು ತಡೆಯಬೇಕಲ್ಲವೆ? ಶರಣರು ಕಲಿಸಿದ ದಯೆಗೆ ಬೀದಿಯೂ ಹೊರತಲ್ಲ.

ಆಟವನ್ನು ನಾವು ನಿಷೇಧಿಸಲಿಲ್ಲ. ಲಿಂಗಪೂಜೆ, ಪಾಠಗಳು ಮುಗಿದ ಮೇಲೆ ಒಂದು ಗಂಟೆ ಆಡಲಿ. ಕೀಲಿಕೈ ಮಾತ್ರ 18 ತುಂಬುವ ತನಕ ಹಿರಿಯರ ಬಳಿಯೇ ಇರಲಿ. ಅಂದು ಮೊಮ್ಮಗನೊಡನೆ ನಾವು ಅಂಗಡಿಗೆ ನಡೆದೇ ಹೋದೆವು.