ಮದುವೆ ಸಾಮಾನಿನ ಪಟ್ಟಿಯಲ್ಲಿ ಒಂದು ಕಾಫಿ ಮಷಿನ್

ಬಸವಕಲ್ಯಾಣ ತಾಲೂಕಿನ ಓದುಗರೊಬ್ಬರು ಹೋದ ತಿಂಗಳು ನಮ್ಮ ವಾಟ್ಸಾಪಿಗೆ ಒಂದು ಹಾಳೆಯ ಫೋಟೋ ಕಳಿಸಿದರು. ತಂಗಿಯನ್ನು ಹುಮನಾಬಾದಿಗೆ ಕೊಡುತ್ತಿದ್ದಾರೆ. ಹಾಳೆಯಲ್ಲಿ ಮದುವೆ ಸಾಮಾನಿನ ಪಟ್ಟಿ: ಪಲಂಗ, ಅಲಮಾರಿ, ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸರ್, ಭಾಂಡೆ ಸಾಮಾನು. ಎಲ್ಲದರ ಕೆಳಗೆ ಬೇರೆ ಪೆನ್ನಿನಲ್ಲಿ ಬರೆದ ಒಂದು ಸಾಲು: ಎಸ್ಪ್ರೆಸೊ ಕಾಫಿ ಮಷಿನ್. ಜೊತೆಗೆ ಅಣ್ಣನ ಪ್ರಶ್ನೆ. "ಆರು ಸಾವಿರಕ್ಕೂ ಅದ, ಮೂವತ್ತು ಸಾವಿರಕ್ಕೂ ಅದ. ಫರಕ್ ಏನ್ರಿ? ಯಾವುದು ತೊಗೊಳ್ಳಿ?"

ನಾವು ಫರಕ್ ಹೇಳಲಿಲ್ಲ, ಭಾಷಣ ಮಾಡಿದೆವು. ತೊಗರಿ ಮಾರಿದ ರೊಕ್ಕ ಹೀಗೆ ಸುರಿಯಬೇಡಿ, ಗಂಡಿನ ಕಡೆಯವರು ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ, ಚಹಾ ಕುಡಿಯುವ ಮನೆಗೆ ಕಾಫಿ ಮಷಿನ್ ಯಾಕೆ ಅಂತ ಉದ್ದಕ್ಕೆ ಬರೆದು ಕಳಿಸಿದೆವು.

ಎರಡು ದಿನ ಬಿಟ್ಟು ಆ ತಂಗಿಯೇ ಫೋನ್ ಮಾಡಿದರು.

"ಸರ್, ಆ ಕೊನೀ ಸಾಲು ಬರದಾಕಿ ನಾನು. ಅವರ ಮನ್ಯಾಗ ಯಾರೂ ಏನೂ ಕೇಳಿಲ್ಲ. ಬೆಂಗಳೂರಾಗ ನಾಕು ವರ್ಷ ನೌಕರಿ ಮಾಡೀನಿ, ಮುಂಜಾನೆ ಒಂದು ಕಪ್ ಗಟ್ಟಿ ಕಾಫಿ ಕುಡದ್ರೇ ನನಗ ದಿನ ಸುರು ಆಗ್ತದ. ಅಲ್ಲಿ ಎಲ್ಲಾರೂ ಚಾ ಕುಡೀತಾರ. ನಂದೊಂದು ಕಪ್ ನನಗ ಬೇಕು. ನೀವು ನಮ್ಮ ಅಣ್ಣಗ ವರದಕ್ಷಿಣಿ ಪಾಠ ಹೇಳೀರಿ."

ವರದಕ್ಷಿಣೆಯ ಬಗ್ಗೆ ನಮ್ಮ ಮಾತನ್ನು ನಾವು ವಾಪಸ್ ತೊಗೊಂಡಿಲ್ಲ. ಆ ಸಾಲನ್ನು ಗಂಡಿನ ಮನೆಯವರು ಬರೆಸಿದ್ದರೆ ಇವತ್ತೂ ಅದನ್ನೇ ಹೇಳುತ್ತೇವೆ. ಆದರೆ ಯಾರು ಬರೆದದ್ದು ಅಂತ ಕೇಳದೆಯೇ ಉತ್ತರ ಕೊಟ್ಟದ್ದು ತಪ್ಪು. ಅಣ್ಣ ಕೇಳಿದ ಪ್ರಶ್ನೆಗೆ ಈಗ ಸರಿಯಾಗಿ ಉತ್ತರ ಕೊಡುತ್ತಿದ್ದೇವೆ.

ಮೊದಲು ಎಸ್ಪ್ರೆಸೊ ಅಂದರೆ ಏನು ಅನ್ನುವುದು. ನಮ್ಮ ಕಡೆ ಮದುವೆಗಳಲ್ಲಿ ಗ್ಯಾಸ್ ಮೇಲೆ ನಿಲ್ಲಿಸಿದ ಉದ್ದನೆಯ ಡ್ರಮ್ಮಿನಂಥ ಮಷಿನ್ ಇರುತ್ತದಲ್ಲ, ಅದರ ಪೈಪನ್ನು ಹಾಲಿನ ಜಗ್ಗಿನೊಳಗೆ ಹಿಡಿದು ಸುರ್ ಅನ್ನಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಾರೆ. ಅದಕ್ಕೂ ಎಸ್ಪ್ರೆಸೊ ಅಂತಲೇ ಹೆಸರು. ಅಲ್ಲಿ ಆಗುವುದು ಇಷ್ಟೇ: ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ, ಅದಕ್ಕೆ ಬಿಸಿ ಹಬೆ. ರುಚಿ ಚಲೋನೇ ಇರುತ್ತದೆ, ನಾವೂ ಎರಡೆರಡು ಸಲ ಪಾಳಿ ಹಚ್ಚಿದ್ದೇವೆ. ಆದರೆ ನಿಜವಾದ ಎಸ್ಪ್ರೆಸೊ ಬೇರೆ. ನುಣ್ಣಗೆ ಬೀಸಿದ ಕಾಫಿ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಅದರೊಳಗಿಂದ 90ರಿಂದ 96 ಡಿಗ್ರಿ ಬಿಸಿಯ ನೀರನ್ನು 9 ಬಾರ್ ಒತ್ತಡದಲ್ಲಿ ನೂಕಬೇಕು. ಬಸವಕಲ್ಯಾಣದ ಆಟೋನಗರದವರಿಗೆ ಹೇಳುವುದಾದರೆ, ಲಾರಿ ಟೈರಿನ ಗಾಳಿಗಿಂತ ಸ್ವಲ್ಪ ಹೆಚ್ಚು. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, ಅದೂ 25-30 ಸೆಕೆಂಡಿನಲ್ಲಿ. ಎರಡು ಗುಟುಕಿನ ಕಡು ಕಾಫಿ, ಮೇಲೆ ಕಂದು ಬಣ್ಣದ ತೆಳು ನೊರೆ. ಅದಕ್ಕೆ ಹಾಲು ಸೇರಿಸಿದರೆ ಕಪುಚಿನೊ, ಲಾಟೆ ಎಲ್ಲ.

ಇಟಲಿಯ ಮಿಲಾನ್ ಊರಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಇಂಥ ಮಷಿನ್ನಿಗೆ ಪೇಟೆಂಟ್ ಮಾಡಿಸಿದಾಗ ಅದು ಹಬೆಯ ಬಲದಿಂದಲೇ ನಡೆಯುತ್ತಿತ್ತು. ಹಬೆಗೆ ಅಷ್ಟು ಒತ್ತಡ ಬರುವುದಿಲ್ಲ, ಕಾಫಿ ಸುಟ್ಟಂತಾಗುತ್ತದೆ. 1938ರಲ್ಲಿ ಅದೇ ಊರಿನ ಅಕಿಲೆ ಗಾಜ್ಜಾ ಹಬೆ ಬಿಟ್ಟು ಬೇರೆ ದಾರಿ ಹುಡುಕಿದ. ಮುಂದೆ ಬಂದ ಅವನ ಸನ್ನೆಗೋಲಿನ ಮಷಿನ್ನಿನಿಂದಲೇ ಆ ಕಂದು ನೊರೆ ಕಾಣಿಸಿದ್ದು. ಈ ಹಳೇ ಕತೆ ಯಾಕೆ ಅಂದರೆ, ಆರು ಸಾವಿರಕ್ಕೂ ಮೂವತ್ತು ಸಾವಿರಕ್ಕೂ ಇರುವ ಮೊದಲ ಫರಕ್ ಇದೇ. ಕಡಿಮೆ ಬೆಲೆಯವು ಬಹುಪಾಲು ಇವತ್ತೂ ಹಬೆಯ ಮಷಿನ್‌ಗಳು.

ಗುರುತು ಹಿಡಿಯುವುದು ಸುಲಭ. ತಲೆಯ ಮೇಲೆ ತಿರುಪಿನ ಮುಚ್ಚಳ ಇದ್ದು, ಅಲ್ಲಿ ನೀರು ಅಳೆದು ಹಾಕಿ ಬಿಗಿ ಮಾಡಬೇಕಾದರೆ ಅದು ಹಬೆಯದು. ಒತ್ತಡ ಮೂರೂವರೆಯಿಂದ ಐದು ಬಾರ್ ಅಂತ ಡಬ್ಬದ ಮೇಲೆಯೇ ಬರೆದಿರುತ್ತಾರೆ. ಹಿಂದೆ ಎತ್ತಿ ತೆಗೆಯುವ ನೀರಿನ ಡಬ್ಬಿ ಇದ್ದರೆ ಪಂಪಿನದು. ಪಂಪಿನವುಗಳ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಆ ಅಂಕಿಗೆ ಮರುಳಾಗಬೇಡಿ. ಅದು ಪಂಪಿನ ಗರಿಷ್ಠ ಬಲ. ಕಾಫಿಗೆ ಬೇಕಾದದ್ದು 9 ಮಾತ್ರ. ಹಬೆಯ ಮಷಿನ್ ಮನೆಯಲ್ಲಿದ್ದರೆ ಇನ್ನೊಂದು ಮಾತು: ಒಳಗೆ ಹಬೆ ಇರುವಾಗ ಆ ಮುಚ್ಚಳ ತಿರುವಲೇಬೇಡಿ, ಕುಕ್ಕರಿಗೆ ಇರುವ ಭಯ ಇದಕ್ಕೂ ಇರಲಿ.

ನಾವು ಇದೆಲ್ಲ ಕಲಿತದ್ದು ರೊಕ್ಕ ಕಳೆದುಕೊಂಡು. ಹುಮನಾಬಾದಿನ ನಮ್ಮ ರೂಮಿಗೆ ನಾಲ್ಕು ಮಂದಿ ಪಟ್ಟಿ ಹಾಕಿ ಹಬೆಯ ಮಷಿನ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆವು. ಬೋರಿನ ನೀರು ಹಾಕಿದೆವು. ನಮ್ಮ ಬೋರಿನ ನೀರು ಹೇಗಿದೆ ಅಂತ ನಿಮಗೆ ಹೇಳಬೇಕಿಲ್ಲ, ನೀರು ಕಾಯಿಸುವ ಪಾತೇಲಿಯ ತಳ ನೋಡಿದರೆ ಸಾಕು, ಬಿಳಿ ಸುಣ್ಣದ ಪದರ. ಪಾತೇಲಿಯಾದರೆ ತಿಕ್ಕಬಹುದು. ಮಷಿನ್ನಿನೊಳಗಿನ ಸಣ್ಣ ನಳಿಗೆ ಕೈ ಹೋಗುವುದಿಲ್ಲ. ಐದನೇ ತಿಂಗಳಿಗೆ ಕಾಫಿ ಹನಿ ಹನಿಯಾಗಿ ಬೀಳತೊಡಗಿತು, ಆರನೇ ತಿಂಗಳಿಗೆ ಅದೂ ನಿಂತಿತು. ಸುತ್ತಲಿನ ರಬ್ಬರ್ ರಿಂಗೂ ಸೀಳಿತ್ತು. ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ ಅಂದರು, ಕಳಿಸುವ ಖರ್ಚು ನಮ್ಮದೇ.

ಆಟೋನಗರಕ್ಕೂ ಒಯ್ದೆವು. ಲಾರಿಗೆ ಬಾಡಿ ಕಟ್ಟುವುದರಲ್ಲಿ ಬಸವಕಲ್ಯಾಣದ ಹೆಸರು ದೂರದೂರಕ್ಕೆ ಹೋಗಿದೆ, ಒಂದು ರಬ್ಬರ್ ರಿಂಗು ಅವರಿಗೆ ಯಾವ ಲೆಕ್ಕ ಅಂದುಕೊಂಡಿದ್ದೆವು. ಅಲ್ಲಿನ ಮಿಸ್ತ್ರಿ ಬಿಚ್ಚಿ, ನೋಡಿ, ವಾಪಸ್ ಕೂಡಿಸಿ ಕೊಟ್ಟರು. "ಈ ಸೈಜಿಂದು ನಮ್ಮ ಕಡೆ ಎಲ್ಲೂ ಸಿಗಂಗಿಲ್ಲ. ಲಾರಿದು ಹೇಳ್ರಿ, ಮಾಡಿ ಕೊಡ್ತೀನಿ" ಅಂದರು. ರೊಕ್ಕ ತೊಗೊಳ್ಳಲಿಲ್ಲ, ಚಾ ಕುಡಿಸಿ ಕಳಿಸಿದರು. ಆ ಮಷಿನ್ ಈಗ ನಮ್ಮ ಅಟ್ಟದ ಮೇಲಿದೆ.

ಹಾಗಾಗಿ ಕಂಪನಿ ಯಾವುದು ಅನ್ನುವ ಮೊದಲು ನಾಲ್ಕು ಸಂಗತಿ ನೋಡಿ ಅನ್ನುತ್ತೇವೆ. ಎರಡನ್ನು ಈಗಾಗಲೇ ಹೇಳಿದಂತಾಯಿತು. ನೀರು: ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಹಾಕಬೇಕು, ಒಂದೆರಡು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರು ಹಾಯಿಸಿ, ಆಮೇಲೆ ಬರೀ ನೀರಿನಿಂದ ಎರಡು ಸಲ ತೊಳೆಯಬೇಕು. ರಿಪೇರಿ: ಸರ್ವೀಸ್ ಸೆಂಟರ್ ಕಲಬುರಗಿ, ಸೊಲ್ಲಾಪುರ ಅಥವಾ ಹೈದರಾಬಾದಿನಲ್ಲಿ ಇದೆಯೋ ಅಂತ ಫೋನ್ ಮಾಡಿ ಕೇಳಿ. ಹೆದ್ದಾರಿ 65ರ ಮೇಲೆ ಬಸ್ ಹತ್ತಿ ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರ ಇರಬೇಕು. ಬೆಂಗಳೂರು ಅಂದರೆ ನಮ್ಮ ಲೆಕ್ಕದಲ್ಲಿ ಇಲ್ಲ ಅಂತಲೇ ಅರ್ಥ.

ಮೂರನೆಯದು ಕರೆಂಟು. ಪಂಪಿನ ಮಷಿನ್ 1,000ದಿಂದ 1,500 ವ್ಯಾಟ್ ಎಳೆಯುತ್ತದೆ, ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚು. ಮನೆಯ ಸಣ್ಣ ಇನ್ವರ್ಟರ್ ಮೇಲೆ ನಡೆಯುವುದಿಲ್ಲ. ವೋಲ್ಟೇಜ್ ಬಿದ್ದಾಗ ನೀರು ಕಾಯುವುದೂ ತಡ, ಪಂಪೂ ಸೊರಗುತ್ತದೆ. ದಿನಕ್ಕೆ ಕಾಲು ತಾಸು ನಡೆದರೆ ತಿಂಗಳಿಗೆ ಸುಮಾರು 10 ಯೂನಿಟ್. ಇದು ದೊಡ್ಡದಲ್ಲ, ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿನ ಯೂನಿಟ್ ನಿಮ್ಮ ಹಿಂದಿನ ಸರಾಸರಿಯ ಮೇಲೆ ನಿಂತಿದೆ. ಮೀರಿದ್ದಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಒಮ್ಮೆಲೇ ಹೊಸದಾಗಿ ಸೇರುವ ಮನೆಯಲ್ಲಿ ಈ ಲೆಕ್ಕ ಹಾಕಿಯೇ ಇಡಬೇಕು.

ನಾಲ್ಕನೆಯದು ಪುಡಿ, ಇದನ್ನು ಯಾರೂ ಯೋಚಿಸುವುದಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ಕರ್ನಾಟಕದ್ದೇ, ಕೊಡಗು, ಚಿಕ್ಕಮಗಳೂರು, ಹಾಸನದ್ದು. ಅದರಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ. ಅಲ್ಲಿಯ ಎಸ್ಪ್ರೆಸೊದಲ್ಲಿ ನಮ್ಮ ರೋಬಸ್ಟಾ ಬೆರೆತಿರುತ್ತದೆ. ಅದೇ ರಾಜ್ಯದ ಬೀದರ್ ಜಿಲ್ಲೆಯ ಕಿರಾಣಿ ಅಂಗಡಿಗೆ ಬರುವುದು ಇನ್‌ಸ್ಟಂಟ್ ಕಾಫಿಯ ಸಣ್ಣ ಪಾಕೀಟು. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವರು ನಾವು, ನಮ್ಮ ನಾಲಿಗೆ ಇನ್ನೂ ಹೈದರಾಬಾದಿನ ಚಹಾದ ಕಡೆಗೇ. ಇರಲಿ. ಇನ್‌ಸ್ಟಂಟ್ ಪುಡಿಯನ್ನು ಈ ಮಷಿನ್ನಿಗೆ ಹಾಕಲು ಬರುವುದಿಲ್ಲ. ಪಾಕೀಟಿನ ಫಿಲ್ಟರ್ ಪುಡಿ ಸಿಕ್ಕರೂ ಹಿಂದೆ ತಿರುಗಿಸಿ ಓದಿ: ಚಿಕೋರಿ ಎಷ್ಟು ಪಾಲು ಅಂತ ಬರೆದಿರಲೇಬೇಕು, ನೂರಕ್ಕೆ 49ರವರೆಗೂ ಬೆರೆಸಲು ಕಾನೂನಿನಲ್ಲಿ ಅವಕಾಶವಿದೆ. ಚಿಕೋರಿ ನೀರು ಕುಡಿದು ಅಂಟಾಗುತ್ತದೆ, ಮಷಿನ್ನಿನ ಜಾಳಿಗೆ ಕಟ್ಟಿಕೊಳ್ಳುತ್ತದೆ. ಅಂದರೆ ಶುದ್ಧ ಕಾಫಿಯನ್ನು ಪ್ರತಿ ಸಲ ಹೊರಗಿಂದ ತರಿಸಬೇಕು. ದಿನಕ್ಕೆ 18 ಗ್ರಾಮಿನಂತೆ ಎರಡು ಸಲ ಮಾಡಿದರೆ ಕಾಲು ಕಿಲೋ ಪುಡಿ ಒಂದೇ ವಾರಕ್ಕೆ ಮುಗಿಯುತ್ತದೆ. ಬೀಜ ತರಿಸಿದರೆ ಬೀಸುವ ಗ್ರೈಂಡರ್ ಬೇರೆ ಬೇಕು. ಮಿಕ್ಸರಿನಲ್ಲಿ ಒಂದು ಕಡೆ ಹಿಟ್ಟಾಗಿ, ಇನ್ನೊಂದು ಕಡೆ ರವೆಯಾಗಿ ಉಳಿಯುತ್ತದೆ, ಕಾಫಿ ಕಹಿಯೂ ಹುಳಿಯೂ ಆಗುತ್ತದೆ. ಮಷಿನ್ನಿಗೆ ಹಾಕುವಷ್ಟೇ ರೊಕ್ಕ ಗ್ರೈಂಡರಿಗೂ ಹಾಕಬೇಕು ಅಂತ ಬಲ್ಲವರು ಹೇಳುವುದು ಸುಳ್ಳಲ್ಲ.

ಇಷ್ಟನ್ನೂ ನಾವು ಆ ತಂಗಿಗೆ ಹೇಳಿದೆವು. ಅವರು ಎಲ್ಲ ಕೇಳಿಸಿಕೊಂಡು, "ಆ ಮನ್ಯಾಗ ಒಂಬತ್ತು ಮಂದಿ ಇದ್ದಾರ್ರಿ" ಅಂದರು.

ನಮ್ಮ ಅಭಿಪ್ರಾಯ ನಿಂತದ್ದು ಈ ಮಾತಿನ ಮೇಲೆ. ಚಹಾ ಒಂದೇ ಪಾತೇಲಿಯಲ್ಲಿ ಒಂದೇ ಕುದಿಗೆ ಒಂಬತ್ತು ಮಂದಿಗೂ ಆಗುತ್ತದೆ. ಮನೆ ಬಳಕೆಯ ಸಣ್ಣ ಮಷಿನ್‌ಗಳಲ್ಲಿ ನೀರು ಕಾಯಿಸುವ ವ್ಯವಸ್ಥೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಕಾಫಿ ಇಳಿಸಲು ಒಂದು ಬಿಸಿ, ಹಾಲಿಗೆ ಹಬೆ ಹೊಡೆಯಲು ಇನ್ನೂ ಹೆಚ್ಚು ಬಿಸಿ. ಕಾಫಿ ಇಳಿಸಿ, ಕಾಯುವವರೆಗೆ ನಿಂತು, ಹಾಲಿಗೆ ಹಬೆ ಹೊಡೆದು, ಮತ್ತೆ ಆರುವವರೆಗೆ ನಿಂತು, ಎರಡನೇ ಕಪ್ಪಿಗೆ ಪುಡಿ ತುಂಬಬೇಕು. ಒಂದು ಕಪ್ಪಿಗೆ ನಾಲ್ಕೈದು ನಿಮಿಷ ಹಿಡಿಯಿರಿ. ಹೊಸ ಮಷಿನ್ ಬಂದಿದೆ ಅಂದರೆ ಓಣಿಯವರು ನೋಡಲು ಬರುತ್ತಾರೆ, ಬೀಗರು ಬರುತ್ತಾರೆ, "ನಿಮ್ಮ ಸೊಸಿ ಮಷಿನ್ ಕಾಫಿ ಕುಡಸ್ರಿ" ಅನ್ನುತ್ತಾರೆ. ಆರು ಮಂದಿ ಬಂದರೆ ಅರ್ಧ ತಾಸು ಅಡುಗೆಮನೆಯಲ್ಲಿ ನಿಲ್ಲುವವರು ಯಾರು? ತನಗೊಂದು ಕಪ್ ಬೇಕು ಅಂತ ಬರೆಸಿದ ಮಷಿನ್ ಅವರಿಗೇ ಇನ್ನೊಂದು ಪಾಳಿಯ ಕೆಲಸವಾಗುತ್ತದೆ. ಕೆಟ್ಟರೆ "ನಿನ್ನ ತವರಿನ ಮಷಿನ್" ಅಂತ ಮಾತು ಬೇರೆ.

ಮೋಕಾ ಪಾಟ್ ತೊಗೊಳ್ಳಿ ಅಂತ ನಾವು ಹೇಳಿದೆವು. ಇದೂ ಇಟಲಿಯದೇ, 1933ರಲ್ಲಿ ಆಲ್ಫೊನ್ಸೊ ಬಿಯಲೆಟ್ಟಿಯ ಹೆಸರಿನಲ್ಲಿ ಬಂದದ್ದು. ಕೆಳಗೆ ನೀರು, ನಡುವೆ ಪುಡಿ, ಮೇಲೆ ಕಾಫಿ ಏರಿ ಬರುವ ಸಣ್ಣ ಪಾತ್ರೆ. ಗ್ಯಾಸ್ ಒಲೆ ಸಾಕು, ಕರೆಂಟು ಬೇಡ. ಒತ್ತಡ ಒಂದೆರಡು ಬಾರ್ ಅಷ್ಟೇ, ಹಾಗಾಗಿ ಇದು ಎಸ್ಪ್ರೆಸೊ ಅಲ್ಲ, ನೊರೆಯೂ ಬರುವುದಿಲ್ಲ. ಆದರೆ ಎಮ್ಮೆ ಹಾಲು ಹಾಕಿ ಕುಡಿಯುವವರಿಗೆ ಬೇಕಾದ ಗಟ್ಟಿತನ ಬಂದೇ ಬರುತ್ತದೆ. ಸುಣ್ಣ ಕಟ್ಟಿದರೆ ಕೈ ಹಾಕಿ ತಿಕ್ಕಬಹುದು. ಬೆಲೆ ಒಂದು ಸಾವಿರದ ಆಚೀಚೆಯಿಂದ ಸುರು. ಉಳಿದ ರೊಕ್ಕದಲ್ಲಿ ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಬರುತ್ತದೆ, ಒಳ್ಳೆಯ ಬೀಜವೂ ಬರುತ್ತದೆ.

ತೊಗೊಳ್ಳುವಾಗ "3 ಕಪ್" ಅಂತ ಬರೆದದ್ದು ನಮ್ಮ ಕಪ್ ಅಲ್ಲ, ಎಲ್ಲ ಸೇರಿ ಸುಮಾರು 130 ಮಿಲಿ, ಹಾಲು ಸೇರಿಸಿದರೆ ಎರಡು ಕಪ್ ಆದೀತು. ಅಲ್ಯೂಮಿನಿಯಮ್ಮಿನದು ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಬದಿಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ, ನೀರು ಅದಕ್ಕಿಂತ ಕೆಳಗಿರಬೇಕು, ಪುಡಿಯನ್ನು ಒತ್ತಬಾರದು, ಉರಿ ಸಣ್ಣಗಿರಬೇಕು. ಗುಳುಗುಳು ಸದ್ದು ಸುರು ಆದಕೂಡಲೇ ಇಳಿಸಬೇಕು. ನಮ್ಮ ಒಲೆಯ ಕಾಲುಗಳ ನಡುವೆ ಈ ಪಾತ್ರೆ ವಾಲುತ್ತದೆ, ಮೇಲೆ ಒಂದು ಸಣ್ಣ ಜಾಳಿಗೆ ಇಟ್ಟುಕೊಳ್ಳಿ.

ಹಾಗಾದರೆ ಎಸ್ಪ್ರೆಸೊ ಮಷಿನ್ ನಮ್ಮ ಕಡೆ ಯಾರೂ ತೊಗೊಳ್ಳಬಾರದೇ? ಹಾಲಿಲ್ಲದ ಕಾಫಿ ಕುಡಿಯುವವರು, ದಿನಾ ಕುಡಿಯುವವರು, ಮನೆಯಲ್ಲಿ ಒಬ್ಬರೋ ಇಬ್ಬರೋ ಇದ್ದು ತಮ್ಮ ಗಳಿಕೆಯ ರೊಕ್ಕ ಹಾಕುವವರು ಜರೂರ್ ತೊಗೊಳ್ಳಲಿ. ಪಂಪಿನದೇ ತೊಗೊಳ್ಳಲಿ, ಕಂತಿನ ಮೇಲೆ ಬೇಡ. ನಮ್ಮ ಊರುಗಳಲ್ಲಿ ಇಂಥವರು ಇದ್ದಾರೆ, ಮುಂದೆ ಹೆಚ್ಚಾಗುತ್ತಾರೆ ಕೂಡ. ಸಾಮಾನಿನ ಜೊತೆ ಟ್ರಾಲಿಯಲ್ಲಿ ಮೆರೆಸಲು ಮಾತ್ರ ಬೇಡ ಅನ್ನುತ್ತೇವೆ.

ಅಣ್ಣನಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಮೊನ್ನೆ ಮತ್ತೆ ಮೆಸೇಜ್ ಹಾಕಿದ್ದರು: "ಸಾಮಾನು ಹಚ್ಚಿಟ್ಟಾಗ ಮಂದಿ ನೋಡ್ತಾರ್ರಿ. ಗೇಣುದ್ದದ ಭಾಂಡೆ ಹೆಂಗ ಇಡೋದು?" ತಂಗಿ ಕೇಳಿದ್ದು ಬೇರೆ. ಮೋಕಾ ಪಾಟಿನ ರಬ್ಬರ್ ರಿಂಗು ಹುಮನಾಬಾದಿನಲ್ಲಿ ಸಿಗುತ್ತದೋ ಇಲ್ಲೋ ಅಂತ. ಸಿಗುವುದಿಲ್ಲ, ಈಗಲೇ ಎರಡು ಹೆಚ್ಚಿಗೆ ತರಿಸಿಡಿ ಅಂದಿದ್ದೇವೆ.