ಹಳೇ ಗಾಡಿ ಸರಣಿ 6: ಹರಿದ ಸೀಟಿಗೆ ಕವರ್ ಬೇಡ, ಹೊಲಿಗೆ ಬೇಕು

ಫೋಟೋ ಝೂಮ್ ಮಾಡಿ ನೋಡಿ. ಡ್ರೈವರ್ ಸೀಟಿನ ಬಲಗಡೆ ಅಂಚಲ್ಲಿ ಒಂದು ತುಂಡು ಬಟ್ಟೆ ಚೂರು ಗಾಢವಾಗಿದೆ. ಕಾಣ್ತಾ?

ಇದು ನಮ್ಮಪ್ಪನ ಮಾರುತಿ 800, 2003ರ ಮಾಡೆಲ್. ಬಾಡಿಗೆ ತುಕ್ಕಿಲ್ಲ, ಒಂದು ಸರ್ವಿಸೂ ತಪ್ಪಿಲ್ಲ. ಸೀಟ್ ಮಾತ್ರ ಹರಿದಿತ್ತು. ಎಲ್ಲರೂ ಹೇಳಿದ್ದು ಒಂದೇ: "ಒಂದು ಸೆಟ್ ಕವರ್ ಹಾಕ್ಸು ಮಗಾ, ಮುಗೀತು."

ಮುಗಿಯಲ್ಲ ಗುರು. ಅದೇ ನನ್ನ ತಕರಾರು.

ಕವರ್ ಹಾಕಿದ್ರೆ ಹರಿದಿದ್ದು ಕಾಣಲ್ಲ, ಅಷ್ಟೇ. ಒಳಗೆ ಬಟ್ಟೆ ಇನ್ನಷ್ಟು ಬಿಟ್ಕೊಳ್ಳುತ್ತೆ, ಫೋಮ್ ಪುಡಿ ಪುಡಿಯಾಗಿ ಉದುರುತ್ತೆ. ಮಳೆಗಾಲದಲ್ಲಿ ಹೊಲಿಗೆ ಸಂದಿಯಿಂದ ಇಳಿದ ನೀರು ರೆಕ್ಸಿನ್ ಕೆಳಗೆ ಬೇಗ ಆರಲ್ಲ. ಆಮೇಲೆ ವಾಸನೆ ಶುರು.

ಈ ಅಂಚೇ ಯಾಕೆ ಮೊದಲು ಹರಿಯುತ್ತೆ ಗೊತ್ತಾ? ಹತ್ತುವಾಗ, ಇಳಿಯುವಾಗ ಪ್ರತಿಸಲ ಅದರ ಮೇಲೇ ಜಾರ್ತೀವಿ. ಎಷ್ಟೋ ಸಲ ಮೊದಲು ಸೋಲೋದು ಬಟ್ಟೆ ಅಲ್ಲ, ದಾರ. ದಾರ ಬಿಟ್ಟಾಗಲೇ ಹೊಲಿಸಿದ್ರೆ ಸಣ್ಣ ಕೆಲಸ. ನಾವು ಕಾದ್ವಿ, ದೊಡ್ಡದಾಯ್ತು.

ಕುಶನ್ ಕೆಲಸದ ಚಾಚಾ ಸೀಟನ್ನೇ ಬಿಚ್ಚಿ ಹೊರಗಿಟ್ಟರು. ಹರಿದ ಭಾಗದ ಹೊಲಿಗೆ ಮಾತ್ರ ಬಿಡಿಸಿ, ಆ ಹಳೇ ತುಂಡನ್ನೇ ಅಳತೆಗೆ ಇಟ್ಕೊಂಡು ಹೊಸದು ಕತ್ತರಿಸಿದರು. ಬಟ್ಟೆ ಎಲ್ಲಿಂದ? 800 ತಯಾರಿಕೆ ನಿಂತಿದ್ದೇ 2014ರಲ್ಲಿ. ಅದೇ ಬಟ್ಟೆ ಅಂಗಡೀಲಿ ಹುಡುಕಿದ್ರೂ ನಮಗೆ ಸಿಗಲಿಲ್ಲ. ಹಿಂದಿನ ಸೀಟಿನ ಹಿಂಬದಿ, ಯಾರಿಗೂ ಕಾಣದ ಕಡೆಯಿಂದ ತೆಗೆದು, ಅಲ್ಲಿಗೆ ಬೇರೆ ಬಟ್ಟೆ ಹಾಕಿದರು. ಅದು ಬಿಸಿಲು ಕಂಡಿರಲಿಲ್ಲ, ಹಾಗಾಗಿ ಬಣ್ಣ ಗಾಢ.

ನೀವು ಮಾಡಿಸೋದಾದ್ರೆ ಎರಡು ಮಾತು. ಪಾಲಿಯೆಸ್ಟರ್ ಅಥವಾ ನೈಲಾನ್ ದಾರವೇ ಹಾಕಿಸಿ. ಹತ್ತಿ ದಾರ ಬಿಸಿಲಿಗೆ, ಬೆವರಿಗೆ ಬೇಗ ಲಡ್ಡಾಗುತ್ತೆ. ಅರ್ಜೆಂಟಿಗೆ ಅಂತ ಗಟ್ಟಿಯಾಗೋ ಗಮ್ ಸುರೀಬೇಡಿ. ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತೆ.

ಸುಲಭ ಅಂತ ನಾನು ಹೇಳಲ್ಲ. ಕವರ್ ಒಂದು ಗಂಟೇಲಿ ಆಗುತ್ತೆ, ಇದಕ್ಕೆ ಎರಡು ದಿನ ಗಾಡಿ ಬಿಡಬೇಕಾಯ್ತು. ಇಲಿ ಕಡಿದು ಫೋಮೇ ಹೋಗಿದ್ರೆ ಪೂರ್ತಿ ಬದಲಾಯಿಸಲೇಬೇಕು. ಆದ್ರೆ ಒಂದು ಗೇಣು ಹರಿದಿದ್ದಕ್ಕೆ ಇಡೀ ಗಾಡಿಗೆ ಮುಸುಕು ಹಾಕೋದು ಯಾವ ನ್ಯಾಯ? ರೆಡಿಮೇಡ್ ಕವರ್ ಯಾರು ಬೇಕಾದ್ರೂ ಎಳೆದು ಕಟ್ಟಬಹುದು. ಹೀಗೆ ಅಳತೆ ತೆಗೆದು ಹೊಲಿಯೋ ಕೈಗೆ ನಾವು ಕೆಲಸ ಕೊಡದಿದ್ರೆ, ಮುಂದೆ ಬೇಕಾದಾಗ ಆ ಕೈ ಇರಲ್ಲ.

ಅಪ್ಪ ಬಂದು ಆ ಗಾಢ ತುಂಡಿನ ಮೇಲೆ ಕೈಯಾಡಿಸಿ, "ಕಾಣುತ್ತಲ್ಲೋ" ಅಂದ್ರು.

ಕಾಣ್ಲಿ ಬಿಡಿ ಅಪ್ಪಾ. ರಿಪೇರಿ ಮಾಡ್ಸಿದೀವಿ, ಮುಚ್ಚಿಟ್ಟಿಲ್ಲ.

ನಿಮ್ಮನೆ ಗಾಡಿ ಕವರ್ ಇವತ್ತು ಎತ್ತಿ ನೋಡಿ. ಒಳಗೆ ಏನು ಕಂಡ್ತು, ಕಾಮೆಂಟಲ್ಲಿ ಹೇಳಿ.

#ಹಳೇಗಾಡಿ #ಮಾರುತಿ800 #ಹೊಲಿಸಿಮುಚ್ಚಬೇಡಿ